ಸಂಗ್ರಾಣಿ ಕಲ್ಲಿನ ಸಂದರ್ಶನ, ನಡುವೆ ಹೆಸರುಕಾಳು

ಪ್ರಶ್ನೆ: ರೋಣ, ನರಗುಂದ, ಗಜೇಂದ್ರಗಡದ ಹುಡುಗರೆಲ್ಲ ಜಿಮ್ ಸೇರುತ್ತಿದ್ದಾರೆ. ಬಲ ತೋರಿಸಲು ಎತ್ತುವ ಕಲ್ಲಾಗಿ ಗರಡಿಮನೆ ಮುಂದೆ ಬಿದ್ದಿರುವ ನಿಮಗೆ ಹೊಟ್ಟೆಕಿಚ್ಚೇ, ಯಜಮಾನ್ರೇ?

ಸಂಗ್ರಾಣಿ ಕಲ್ಲು: ಹೊಟ್ಟಿನೇ ಇಲ್ಲದಾಂವಗ ಕಿಚ್ಚೆಲ್ಲಿಂದ ಬರಬೇಕ್ರಿ? ಸಿಟ್ಟೆಲ್ಲ ಆ ಜಿಮ್ಮಿನ ಕನ್ನಡಿ ಮ್ಯಾಲ. ನನ್ನ ಎತ್ತಾಂವ ಊರ ಮಂದಿ ಮುಂದ ಎತ್ತತಿದ್ದ. ಈಗಿನಾಂವ ತನ್ನ ಮುಂದ ತಾನೇ ಎತ್ತತಾನ. ಇರ್ಲಿ, ಕಲ್ಲೋ ಕಬ್ಬಿಣೋ ಮೈಗೆ ಗೊತ್ತಾಗೂದಿಲ್ಲ. ಭಾರಕ್ಕ ಸ್ನಾಯುವಿನ ಎಳಿ ಬಿಗಿತಾವು. ಆ ಬಿಗಿತಾನೇ ಹೊಸ ಪ್ರೋಟೀನ್ ಕಟ್ಟಾಕ ಹುಕುಂ. ಮೊದಲ ಕೆಲವು ವಾರ ಬಲ ಹೆಚ್ಚಾಗೂದು ಬಹಳಷ್ಟು ನರಗಳಿಂದ, ತೋಳು ದಪ್ಪ ಆಗೂದು ಆಮ್ಯಾಲ. ಒಂದೇ ಭಾರಕ್ಕ ಮೈ ಒಗ್ಗಿದ್ರ ಬೆಳವಣಿಗಿ ನಿಲ್ತೈತಿ, ಅದಕ್ಕೇ ಮೊದಲು ಸಣ್ಣ ಗುಂಡುಕಲ್ಲು, ಆಮ್ಯಾಲ ದೊಡ್ಡದು. ‘ಕಾಲಿಗೆ ಭಾರ ಹಾಕಿದ್ರ ಗ್ರೋತ್ ಹಾರ್ಮೋನ್ ಉಕ್ಕಿ ತೋಳೂ ಬೆಳಿತಾವು’ ಅಂತಾರ. ಉಕ್ಕೂದು ಖರೆ, ಸ್ವಲ್ಪ ಹೊತ್ತಿಗೆ ಇಳಿತೈತಿ. ಬೆಳಿಯೂದು ದುಡಿದ ಸ್ನಾಯು.

ಪ್ರಶ್ನೆ: ಪ್ರೋಟೀನ್ ಎಂದಿರಿ. ನೂರು ಗ್ರಾಂ ಹೆಸರುಕಾಳಿನಲ್ಲಿ ಸುಮಾರು 24 ಗ್ರಾಂ ಇದೆ. ಈ ಎರೆಹೊಲಗಳ ಮುಂಗಾರು ಬೆಳೆಯೇ ಅದು. 2024-25ರ ಬೆಂಬಲ ಬೆಲೆ ಕ್ವಿಂಟಲಿಗೆ 8,682 ರೂಪಾಯಿ. ಸಾಲ ತೀರಿಸಲು ರೈತ ಮಾರಿ ಮುಗಿಸಿದ ಮೇಲೆ ಖರೀದಿ ಕೇಂದ್ರ ತೆರೆದರೆ ಆ ಬೆಲೆ ಯಾರಿಗೆ? ಅವನ ಮಗನೋ ಡಬ್ಬಿಯ ಪುಡಿಗೆ ಸಾವಿರಾರು ಸುರಿದು...

ಕಲ್ಲು: ಸಂದರ್ಶನ ನಂದೋ, ಹೆಸರಿಂದೋ?

ಪ್ರಶ್ನೆ: ತಪ್ಪಾಯಿತು. ವಯಸ್ಸಾದವರಿಗೆ ಈ ಭಾರ ಎತ್ತುವುದೆಲ್ಲ ಯಾಕೆ ಎನ್ನುವವರಿಗೆ ಏನು ಹೇಳುತ್ತೀರಿ?

ಕಲ್ಲು: ಅವರಿಗೇ ಮೊದಲು ಬೇಕ್ರಿ, ತಾಳುವಷ್ಟು. 1990ರಾಗ ಪ್ರಕಟವಾದ ಬಾಸ್ಟನ್ನಿನ ಅಧ್ಯಯನದಾಗ ತೊಂಬತ್ತರ ಆಸುಪಾಸಿನ ಹತ್ತು ಮಂದಿಗೆ 8 ವಾರ ಕಾಲಿನ ತಾಲೀಮು ಕೊಟ್ರು. ಮುಗಿಸಿದವರ ಕಾಲಿನ ಬಲ ಸರಾಸರಿ ಶೇ. 174ರಷ್ಟು ಏರಿತು. ಅಲ್ಲೇನು ಕನ್ನಡಿ ಇತ್ತೇನ್ರಿ?

ಪ್ರಶ್ನೆ: ಭಾರವೇ ಬೆಳೆಸುವುದಾದರೆ, ಎಪಿಎಂಸಿಯ ಹಮಾಲನ ಮೈ ಯಾಕೆ ಸವೆಯುತ್ತದೆ?

ಕಲ್ಲು: ಆ ಕನ್ನಡೀಗೆ ಯಾರು ಲೈಸೆನ್ಸ್ ಕೊಟ್ರು ಮೊದಲು ಬರ್ಕೋರಿ.

ಹಮಾಲನ ಈ ಪ್ರಶ್ನೆಗೆ ಕಲ್ಲು ಉತ್ತರಿಸಬೇಕಿಲ್ಲ, ನಗಿಸಲೂ ಬೇಕಿಲ್ಲ. ಭಾರ ಹೊರುವುದರಲ್ಲಿ ಹಮಾಲ ಜಿಮ್ಮಿನ ಹುಡುಗನಿಗೆ ಕಡಿಮೆಯೇನಲ್ಲ. ಭಾರ ಕೊಡುವುದು ಸೂಚನೆಯನ್ನು ಮಾತ್ರ. ಕಟ್ಟುವ ಕೆಲಸ ನಡೆಯುವುದು ನಂತರದ ಒಂದೆರಡು ದಿನಗಳಲ್ಲಿ, ಊಟ-ನಿದ್ರೆಯ ಬಲದಿಂದ. ಆದರೆ ಹಮಾಲ ಮರುದಿನ ಬೆಳಗ್ಗೆ ಮತ್ತೆ ಚೀಲದಡಿ ಇರುತ್ತಾನೆ. ಚೀಲಕ್ಕಿಷ್ಟು ಎಂಬ ಕೂಲಿಯಲ್ಲಿ ವಿಶ್ರಾಂತಿ ಎಂದರೆ ಖಾಲಿ ಜೇಬು. ‘ದುಡಿಯುವ ಮೈ ತಾನೇ ಗಟ್ಟಿ’ ಎನ್ನುವ ವರ್ತಕರೇ, ಅದು ನಿಜವಾದರೆ ನಿಮ್ಮ ಮಕ್ಕಳನ್ನು ಜಿಮ್ಮಿಗಲ್ಲ, ಯಾರ್ಡಿಗೆ ಕಳಿಸಬೇಕಿತ್ತು. ಹೆಸರಿನ ಚೀಲ ಹೊತ್ತವನಿಗೆ ವಾರಕ್ಕೊಂದು ಕೂಲಿಸಹಿತ ರಜೆ ಯಾವಾಗ ಕೊಡುತ್ತೀರಿ?