ಮಿಲಿಸೀವರ್ಟ್ ಮಹಾಶಯರ ಸನ್ನಿಧಿಗೆ ಒಂದು ಬಹಿರಂಗ ಬಿನ್ನಹ

ಶ್ರೀಮನ್ ಮಿಲಿಸೀವರ್ಟ್ ಮಹಾಶಯರ ಸನ್ನಿಧಿಗೆ, ಬೀದರ ಜಿಲ್ಲೆಯ ಬಸವಕಲ್ಯಾಣ ಮತ್ತು ಹುಮನಾಬಾದ್ ತಾಲ್ಲೂಕುಗಳ, ವಿದ್ಯುತ್ ಕಂಪನಿ ಜೆಸ್ಕಾಂನ ಗ್ರಾಹಕರು ಮಾಡಿಕೊಳ್ಳುವ ಬಿನ್ನಹವೇನೆಂದರೆ:

ವಿಕಿರಣವು ಮನುಷ್ಯದೇಹಕ್ಕೆ ಮಾಡಬಹುದಾದ ಹಾನಿಯನ್ನು ಅಳೆಯಲು ಸ್ವೀಡನ್ನಿನ ಭೌತವಿಜ್ಞಾನಿ ರೋಲ್ಫ್ ಸೀವರ್ಟರ ಹೆಸರಿನಲ್ಲಿ ಒಂದು ಮಾನವಿದ್ದು, ಅದರ ಸಾವಿರದ ಒಂದು ಪಾಲೇ ಮಹಾಶಯರು. ಕಣ್ಣಿಗೆ ಕಾಣದೆ, ಕೈಗೆ ಸಿಗದೆ, ವರದಿಗಳ ಪುಟಗಳಲ್ಲಿ ಮಾತ್ರ ಪ್ರತ್ಯಕ್ಷವಾಗುವ ಅವರ ಸ್ವಭಾವವು ಈ ಭಾಗಕ್ಕೆ ಮಂಜೂರಾದ ಹಲವು ಯೋಜನೆಗಳಿಗೂ ಇರುವುದರಿಂದ, ಅವರನ್ನು ಇಲ್ಲಿ ಅಪರಿಚಿತರೆನ್ನಲಾಗದು.

ಆಕಾಶದಿಂದ ಬರುವ ವಿಶ್ವಕಿರಣ, ಕಲ್ಲುಮಣ್ಣಿನಲ್ಲಿರುವ ಯುರೇನಿಯಂ ಮತ್ತು ಥೋರಿಯಂ, ಅವು ಕ್ಷಯಿಸುವಾಗ ನೆಲದಿಂದ ಮೇಲೇಳುವ ರೇಡಾನ್ ಎಂಬ ಅನಿಲ, ಇವೆಲ್ಲ ಸೇರಿ ಮನುಷ್ಯಮಾತ್ರರಿಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ವಿಕಿರಣವನ್ನು ಅರ್ಜಿಯಿಲ್ಲದೆ, ಆಧಾರ್ ಜೋಡಣೆಯಿಲ್ಲದೆ ವಿತರಿಸುತ್ತವೆ. ಬೀದರ ಜಿಲ್ಲೆಯ ನೆಲ ಲಾವಾರಸ ಹೆಪ್ಪುಗಟ್ಟಿ ಆದ ಕಪ್ಪುಶಿಲೆಯದು. ಹಳೆ ಮೈಸೂರಿನ ಗ್ರಾನೈಟಿಗೆ ಹೋಲಿಸಿದರೆ ಅದರಲ್ಲಿ ಈ ಧಾತುಗಳು ಕಡಿಮೆ. ಹೀಗೆ ನಿಸರ್ಗದ ವಿತರಣೆಯಲ್ಲೂ ದಕ್ಷಿಣದವರಿಗೇ ಹೆಚ್ಚಿನ ಪಾಲು ಸಂದಿದ್ದು, ಈ ಅಸಮತೋಲನವನ್ನು, ಈ ಭಾಗಕ್ಕೆ ವಿಶೇಷ ಸ್ಥಾನಮಾನ ನೀಡುವ ಸಂವಿಧಾನದ 371(ಜೆ) ವಿಧಿಯಡಿ ಸರಿಪಡಿಸಬೇಕೆಂದು ಇದುವರೆಗೆ ಯಾವ ಹೋರಾಟ ಸಮಿತಿಯೂ ಬಂದ್ ಕರೆದಿಲ್ಲ.

ಪರಮಾಣು ಸ್ಥಾವರಗಳಿಂದ ಸಾರ್ವಜನಿಕರಿಗೆ ತಲುಪಬಹುದಾದ ವಿಕಿರಣಕ್ಕೆ ನಿಯಂತ್ರಣ ಮಂಡಳಿ ಹಾಕಿರುವ ಮಿತಿ ವರ್ಷಕ್ಕೆ 1 ಮಿಲಿಸೀವರ್ಟ್. ಕಾಳಿ ನದಿಯ ದಡದ ಕೈಗಾದಲ್ಲಿ ತಲಾ 220 ಮೆಗಾವಾಟಿನ ನಾಲ್ಕು ಘಟಕಗಳಿದ್ದರೂ ಸುತ್ತಲಿನವರಿಗೆ ಸೇರುವುದು ಆ ಮಿತಿಯ ಅತಿ ಸಣ್ಣ ಅಂಶವೆಂದು ಮಾಪನಗಳು ಹೇಳುತ್ತವೆ. ಹೊಟ್ಟೆಯ ಒಂದು ಸಿಟಿ ಸ್ಕ್ಯಾನ್ ಒಮ್ಮೆಗೇ ಸುಮಾರು 8ರಿಂದ 10 ಮಿಲಿಸೀವರ್ಟ್ ಕೊಡುತ್ತದೆ. ಅದಕ್ಕಾಗಿ ಬಸವಕಲ್ಯಾಣದಿಂದ ಸೊಲ್ಲಾಪುರಕ್ಕೂ ಹುಮನಾಬಾದಿನಿಂದ ಕಲಬುರಗಿಗೂ ಹೋಗುವ ರೋಗಿ ವಿಚಾರಿಸುವುದು ದರವನ್ನು ಮಾತ್ರ. ಪರಮಾಣು ಪಕ್ಷದ ವಕ್ತಾರರಿಗೆ ಈ ಹೋಲಿಕೆ ಬಹು ಪ್ರಿಯವಾದುದು, ಮತ್ತು ಲೆಕ್ಕದ ಮಟ್ಟಿಗೆ ಅದು ಸರಿಯೂ ಹೌದು. ಆದರೆ ಸ್ಕ್ಯಾನಿನಲ್ಲಿ ಅಪಾಯ ಹೊತ್ತ ಹೊಟ್ಟೆಗೇ ಲಾಭವೂ ದಕ್ಕುತ್ತದೆ. ಸ್ಥಾವರದ ವಿಷಯದಲ್ಲಿ ಲಾಭವು ಹೈಟೆನ್ಷನ್ ತಂತಿ ಹಿಡಿದು ಊರೂರಿಗೆ ಹೋಗುತ್ತದೆ, ಅಪಾಯವು, ಎಷ್ಟೇ ಚಿಕ್ಕದಿರಲಿ, ಹುಟ್ಟಿದೂರಲ್ಲೇ ಉಳಿಯುತ್ತದೆ. ಈ ಏರ್ಪಾಟಿನಲ್ಲಿ ಬಿನ್ನಹದಾರರ ಸ್ಥಾನ ಅತ್ಯಂತ ಸುಖಕರವಾದುದು: ಕೈಗಾದಿಂದ ನೂರಾರು ಕಿಲೋಮೀಟರ್ ದೂರದಲ್ಲಿದ್ದು, ಕರೆಂಟು ಹೋದಾಗ ಕಟ್ಟೆಯ ಮೇಲೆ ಕುಳಿತು ಇನ್ನೂ ಹತ್ತು ಸ್ಥಾವರ ಬೇಕೆನ್ನಲೂ, ಬಂದಾಗ ಫ್ಯಾನಿನ ಕೆಳಗೆ ಕುಳಿತು ಒಂದೂ ಬೇಡವೆನ್ನಲೂ ಅವರಿಗೆ ಅಡ್ಡಿಯಿಲ್ಲ.

ಮಹಾಶಯರಿಗೆ ಬಂದ ಅಪಕೀರ್ತಿ ಕಲ್ಲಿದ್ದಲಿಗೆ ಬಂದಿಲ್ಲವೆಂಬುದೂ ಗಮನಾರ್ಹ. ರಾಯಚೂರಿನ ಶಕ್ತಿನಗರದಲ್ಲಿ ಉರಿಯುವ ಕಲ್ಲಿದ್ದಲಿನಲ್ಲೂ ಲವಲೇಶ ಯುರೇನಿಯಂ, ಥೋರಿಯಂ ಇದ್ದು, ಅವು ಹಾರುಬೂದಿಯಲ್ಲಿ ಸಾಂದ್ರವಾಗುತ್ತವೆ. ನಿಜವಾದ ಹಾನಿ ಮಾತ್ರ ಆ ವಿಕಿರಣದ್ದಲ್ಲ, ಹೊಗೆಯೊಡನೆ ಶ್ವಾಸಕೋಶಕ್ಕೆ ಇಳಿಯುವ ಸೂಕ್ಷ್ಮ ಕಣಗಳದ್ದು. 1986ರ ಚೆರ್ನೋಬಿಲ್ ಮತ್ತು 2011ರ ಫುಕುಶಿಮಾ ದುರಂತಗಳನ್ನು ಸೇರಿಸಿಕೊಂಡ ಅಂದಾಜುಗಳಲ್ಲೂ, ಉತ್ಪಾದಿಸಿದ ಪ್ರತಿ ಯೂನಿಟ್ಟಿಗೆ ಕಲ್ಲಿದ್ದಲು ತೆಗೆಯುವ ಜೀವಗಳು ಪರಮಾಣುವಿನ ನೂರಾರು ಪಟ್ಟು. ಹುಮನಾಬಾದಿನ ಕೈಗಾರಿಕಾ ಪ್ರದೇಶದ ರಾಸಾಯನಿಕ ವಾಸನೆಯೂ ಇದೇ ವರ್ಗದ್ದು. ಮೂಗಿಗೆ ಅದರ ಪರಿಚಯ ಚೆನ್ನಾಗಿದ್ದರೂ, ಜನರ ಬಾಯಲ್ಲಿ ನಿಲ್ಲುವಂಥ ಅಂಕಿಯೊಂದು ಇಲ್ಲದ್ದರಿಂದ ಭಯದ ಪಟ್ಟಿಯಲ್ಲಿ ಅದಕ್ಕೆ ಜಾಗ ಸಿಕ್ಕಿಲ್ಲ.

ಹಾಗೆಂದು ಮಹಾಶಯರ ಆಸ್ಥಾನದವರು ನಿರ್ದೋಷಿಗಳೆಂದು ಬರೆದುಕೊಡಲಾಗದು. ವಿಕಿರಣ ಹೊರಬೀಳದಂತೆ ತಡೆಯಬೇಕಾದ ಕೈಗಾದ ಕಾಂಕ್ರೀಟ್ ಗುಮ್ಮಟದ ಪದರವೊಂದು 1994ರಲ್ಲಿ, ಕಟ್ಟುತ್ತಿರುವಾಗಲೇ, ಕಳಚಿ ಬಿದ್ದಿತ್ತು. 2009ರ ನವೆಂಬರಿನಲ್ಲಿ ಟ್ರಿಟಿಯಂ, ಅಂದರೆ ಜಲಜನಕದ ವಿಕಿರಣಶೀಲ ರೂಪ, ಬೆರೆತ ಭಾರಜಲವನ್ನು ಯಾರೋ ನೌಕರರ ಕುಡಿಯುವ ನೀರಿನ ಕೂಲರಿಗೆ ಸೇರಿಸಿದ್ದರಿಂದ ಐವತ್ತಕ್ಕೂ ಹೆಚ್ಚು ಮಂದಿಯ ಮೂತ್ರದಲ್ಲಿ ಅದು ಪತ್ತೆಯಾಯಿತು. ಭೂಕಂಪಕ್ಕೂ ಪ್ರವಾಹಕ್ಕೂ ಲೆಕ್ಕ ಹಾಕಿದ್ದ ಸುರಕ್ಷತಾಶಾಸ್ತ್ರಕ್ಕೆ ವಾಟರ್ ಕೂಲರ್ ಹೊಳೆದಿರಲಿಲ್ಲ. ಅದೇ ಕೈಗಾದ ಮೊದಲ ಘಟಕ 2018ರ ಕೊನೆಯ ದಿನದವರೆಗೆ 962 ದಿನ ಎಡೆಬಿಡದೆ ನಡೆದು ವಿಶ್ವದಾಖಲೆ ಮಾಡಿತು. ಕೂಲರೂ ದಾಖಲೆಯೂ ಒಂದೇ ಆವರಣದ ಸಂಗತಿಗಳಾದರೂ, ಭಾಷಣಗಳಿಗೆ ಯಾವುದು ಒದಗುತ್ತದೆಂದು ವಿವರಿಸಬೇಕಿಲ್ಲ. ಇನ್ನು ‘ಅಸಂಭವ’ ಎಂಬ ತಾಂತ್ರಿಕ ಪದದ ಬಗ್ಗೆ ಈ ಗಡಿನಾಡಿಗೆ ತನ್ನದೇ ಸಂದೇಹವಿದೆ. ಪಕ್ಕದ ಲಾತೂರು ಜಿಲ್ಲೆಯ ಕಿಲ್ಲಾರಿಯು ಅಧಿಕೃತ ನಕ್ಷೆಯಲ್ಲಿ ಭೂಕಂಪದ ಅಪಾಯ ಅತ್ಯಂತ ಕಡಿಮೆಯಿರುವ ವಲಯಕ್ಕೆ ಸೇರಿತ್ತು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಭೂಮಿ ಕಂಪಿಸಿ, ಸುಮಾರು ಹತ್ತು ಸಾವಿರ ಜನ ಅಲ್ಲಿಯ ಮತ್ತು ಸುತ್ತಲಿನ ಊರುಗಳ ಕಲ್ಲುಮಣ್ಣಿನ ಗೋಡೆಗಳ ಕೆಳಗೆ ಸತ್ತರು. ನಕ್ಷೆಯನ್ನು ಅನಂತರ ತಿದ್ದಲಾಯಿತು.

ಬಿನ್ನಹದಾರರು ಸ್ಥಾವರ ಬೇಡವೆನ್ನುತ್ತಿಲ್ಲ. ಕಲ್ಲಿದ್ದಲಿಗಿಂತ ಅದು ಲೇಸೆಂಬ ಲೆಕ್ಕವನ್ನು ಒಪ್ಪುತ್ತಾರೆ. ಆದರೆ ಯಾದಗಿರಿ ಜಿಲ್ಲೆಯ ಗೋಗಿಯಲ್ಲಿ, ಸ್ಥಾವರಗಳ ಇಂಧನವಾದ ಯುರೇನಿಯಂನ ನಿಕ್ಷೇಪದ ಮೇಲೆಯೇ ಬದುಕುತ್ತಿರುವವರು ಕೊಳವೆಬಾವಿಯ ನೀರು ಕುಡಿಯಬಹುದೇ ಎಂದು ಕೇಳಿದರೆ, ಜಗತ್ತಿನ ಸರಾಸರಿಯನ್ನು ಓದಿ ಹೇಳುವುದು ಉತ್ತರವಾಗುವುದಿಲ್ಲವಾದ್ದರಿಂದ, ಮಹಾಶಯರು ಇನ್ನು ಮುಂದೆ ವರದಿಗಳಲ್ಲಿ ಒಬ್ಬರೇ ಕಾಣಿಸಿಕೊಳ್ಳದೆ, ವಿದ್ಯುತ್ತು ಯಾರಿಗೆ, ವಿಕಿರಣ ಯಾರಿಗೆ ಎಂಬ ಎರಡು ಕಾಲಮುಗಳನ್ನು ಪಕ್ಕದಲ್ಲಿರಿಸಿಕೊಂಡು ಬರಬೇಕೆಂದು ಕೋರಲಾಗಿದೆ. ಭೇಟಿಗೆ ಬಸವಕಲ್ಯಾಣವೇ ಅನುಕೂಲ. ಹನ್ನೆರಡನೆಯ ಶತಮಾನದಲ್ಲಿ ಯಾರು ಬೇಕಾದರೂ ಯಾರನ್ನಾದರೂ ಪ್ರಶ್ನಿಸಬಹುದಾಗಿದ್ದ ಅನುಭವ ಮಂಟಪದ ನೆನಪಿಗೆ ಅಲ್ಲಿ 2021ರಲ್ಲಿ ಹೊಸ ಮಂಟಪದ ಶಂಕುಸ್ಥಾಪನೆಯೂ ಆಗಿದೆ.

ಪ್ರತಿಯನ್ನು ಮಾಹಿತಿಗಾಗಿ ಶಕ್ತಿನಗರದ ಚಿಮಣಿಗಳಿಗೆ ಕಳುಹಿಸಿದೆ.