ಕ್ಯಾಮೆರಾದ ಪ್ರವರ

ಸಿಸಿಟಿವಿ ಹಾಕುವ ನಮ್ಮ ಕಸುಬಿನಲ್ಲಿ ಏಣಿ ಹತ್ತಿ ಡ್ರಿಲ್ ಹೊಡೆಯುವುದೇ ಸುಲಭದ ಪಾಲು. ಇಳಿದ ಮೇಲೆ ಶುರುವಾಗುತ್ತದೆ ನೋಡಿ, ಬರವಣಿಗೆ! ಕಿರಾಣಿ ಅಂಗಡಿಯೊಂದಕ್ಕೆ ನಾಲ್ಕು ಕ್ಯಾಮೆರಾ ಅಂದುಕೊಳ್ಳಿ. ಹುಡುಗರು ಕೇಬಲ್ ಅಳತೆ ತೆಗೆದು ವಾಟ್ಸ್ಆ್ಯಪ್‌ಗೆ ಹಾಕುತ್ತಾರೆ. ಅದನ್ನೇ ನಾನು ಎಕ್ಸೆಲ್‌ನಲ್ಲಿ ಕೊಟೇಶನ್ ಮಾಡಬೇಕು, ಅದನ್ನೇ ಟ್ಯಾಲಿಯಲ್ಲಿ ಬಿಲ್ ಮಾಡಬೇಕು, ಅದನ್ನೇ ವಾರಂಟಿಗೆಂದು ಪೋರ್ಟಲ್‌ನಲ್ಲಿ ತುಂಬಬೇಕು, ಕೊನೆಗೆ ಯಜಮಾನರ ಕೆಂಪು ರಟ್ಟಿನ ರಿಜಿಸ್ಟರಿಗೂ ಇಳಿಸಬೇಕು. ಕಂಪ್ಯೂಟರ್ ಕೆಟ್ಟರೆ ಇರಲಿ ಅಂತ ರಿಜಿಸ್ಟರ್. ರಿಜಿಸ್ಟರ್ ಕಳೆದರೆ ಇರಲಿ ಅಂತ ಅದರದೊಂದು ಝೆರಾಕ್ಸ್.

ಇಷ್ಟು ಕಡೆ ಸುತ್ತಿ ಬರುವಷ್ಟರಲ್ಲಿ ಗಿರಾಕಿ ಬೇರೆಯೇ ಮನುಷ್ಯ ಆಗಿರುತ್ತಾನೆ. ಕೊಟೇಶನ್ನಿನ ಶ್ರೀನಿವಾಸಯ್ಯ ಬಿಲ್ಲಿನಲ್ಲಿ ಶ್ರೀನಿವಾಸ್, ರಿಜಿಸ್ಟರಿನಲ್ಲಿ ‘ಗಣೇಶನ ಗುಡಿ ಎದುರಿನ ಸೀನಣ್ಣ’. ಪುಣ್ಯಕ್ಕೆ ಸೀನಣ್ಣನೇ ಸರಿಯಾದ ವಿಳಾಸ. ಟೆಕ್ನೀಶಿಯನ್ ಹುಡುಗರು ಹುಡುಕುವುದು ಅವನನ್ನೇ. ಸೀರಿಯಲ್ ನಂಬರಿನದು ಇನ್ನೊಂದು ಪ್ರವರ. ಸ್ಟಿಕ್ಕರಿನ ಮೇಲಿರುವುದು ಸೊನ್ನೆಯೋ ‘ಓ’ ಅಕ್ಷರವೋ ತಿಳಿಯದೆ ಕಚೇರಿಯೇ ಎರಡು ಪಕ್ಷವಾಗುತ್ತದೆ. ಜಿಎಸ್‌ಟಿ ಸಂಖ್ಯೆಯ 15 ಸ್ಥಾನಗಳಲ್ಲಿ ಕರ್ನಾಟಕದ 29 ಒಂದು ನನಗೆ ಬಾಯಿಪಾಠ. ಮಿಕ್ಕ 13ಕ್ಕೆ ದೇವರೇ ಗತಿ.

ಈಗ ಹೊಸ ಸಾಫ್ಟ್‌ವೇರ್ ಬಂದಿದೆ. ಡಬ್ಬದ ಬಾರ್‌ಕೋಡ್ ಒಮ್ಮೆ ಸ್ಕ್ಯಾನ್ ಮಾಡಿದರೆ ಮುಗಿಯಿತು, ಕೊಟೇಶನ್ನು, ಬಿಲ್ಲು, ವಾರಂಟಿ ಎಲ್ಲಕ್ಕೂ ತಾನೇ ಹೋಗಿ ಕೂರುತ್ತದೆ. ಯಜಮಾನರು ಕನ್ನಡಕ ಏರಿಸಿ ನೋಡಿ ಭಲೇ ಅಂದರು. ಆಮೇಲೆ ಮೆಲ್ಲಗೆ, “ಅದು ಸರಿಯಾಗಿ ಬರೆಯುತ್ತೋ ಇಲ್ವೋ, ದಿನಾ ಸಂಜೆ ತಾಳೆ ನೋಡೋಕೆ ಒಂದು ಹೊಸ ಎಕ್ಸೆಲ್ ಶೀಟ್ ಮಾಡಿಬಿಡಪ್ಪ” ಅಂದರು.