ಬ್ರೇಕ್ ಅಂಕಲ್

ರಾಜಾಜಿನಗರ, ಬಸವೇಶ್ವರನಗರ, ವಿಜಯನಗರದ ಕಡೆ ಕ್ರಾಸಿಗೊಬ್ಬರಂತೆ ಬ್ರೇಕ್ ಅಂಕಲ್ ಇರುತ್ತಾರೆ. ಎಚ್‌ಎಂಟಿಯಲ್ಲೋ ಕಿರ್ಲೋಸ್ಕರಿನಲ್ಲೋ ಪೀಣ್ಯದ ಯಾವುದಾದರೂ ಟೂಲ್ ರೂಮಿನಲ್ಲೋ ದುಡಿದು ರಿಟೈರಾದವರು. ಫ್ಯಾಕ್ಟರಿ ಅವರನ್ನು ಬಿಟ್ಟಿದೆ, ಅವರು ಫ್ಯಾಕ್ಟರಿಯನ್ನು ಬಿಟ್ಟಿಲ್ಲ. ಮನೆಯ ಮೆಟ್ಟಿಲ ಕೆಳಗೆ ಹಳೇ ಹಾರ್ಲಿಕ್ಸ್ ಬಾಟಲಿಗಳಲ್ಲಿ ನಟ್ಟು, ಬೋಲ್ಟು, ವಾಷರು ಸೈಜುವಾರು ಕೂತಿರುತ್ತವೆ. ಅಂಕಲ್ ಒಂದು ದಿನ ಊರಿಗೆ ಹೋದರೆ ಸಾಕು, ಅಷ್ಟನ್ನೂ ಗುಜರಿಗೆ ಹಾಕೋಣವೆಂದು ಆಂಟಿ ಕಾಯುತ್ತಿರುತ್ತಾರೆ. ಅಂಕಲ್ ಹೋಗುವುದಿಲ್ಲ.

ಬೆಳಿಗ್ಗೆ ವರಾಂಡದಲ್ಲಿ ಪೇಪರ್ ಹಿಡಿದು ಕೂತಿರುವಾಗ ಮನೆ ಮುಂದಿನ ಹಂಪಿನ ಹತ್ತಿರ ಯಾರದೋ ಕಾರು ಕಿರ್ ಎನ್ನುತ್ತದೆ. ಅಂಕಲ್ ಪೇಪರ್ ಇಳಿಸದೆಯೇ ತೀರ್ಪು ಕೊಡುತ್ತಾರೆ: "ಮುಂದಿನ ಎಡಚಕ್ರ." ಆಮೇಲೆ ಎದ್ದು ಬಂದು ಕೈ ಅಡ್ಡ ಹಿಡಿಯುತ್ತಾರೆ. "ಸ್ವಲ್ಪ ಹಿಂದಕ್ಕೆ ತಗೊಳ್ಳಿ. ಹಾಂ, ಈಗ ಮೆತ್ತಗೆ ಬ್ರೇಕ್ ಒತ್ತಿ." ಆ ಪುಣ್ಯಾತ್ಮನಿಗೆ ಆಫೀಸಿಗೆ ತಡವಾಗುತ್ತಿರುವುದು ಅವನ ಹಣೆಬರಹ.

ನಗಬೇಡಿ, ಅವರು ಹೇಳುವುದು ಬಹುಮಟ್ಟಿಗೆ ಸರಿಯಾಗಿಯೇ ಇರುತ್ತದೆ. ರಾತ್ರಿ ಮಳೆ ಬಂದು, ಬೆಳಿಗ್ಗೆ ಮೊದಲ ನಾಲ್ಕಾರು ಬ್ರೇಕಿಗೆ ಮಾತ್ರ ಸದ್ದಾದರೆ ಅದು ರೋಗವೇ ಅಲ್ಲವಂತೆ. ಡಿಸ್ಕಿನ ಮೇಲೆ ಕೂತ ತೆಳು ತುಕ್ಕನ್ನು ಪ್ಯಾಡೇ ಉಜ್ಜಿ ತೆಗೆಯುತ್ತದೆ. ಓಡುತ್ತಿರುವಾಗ ಬ್ರೇಕ್ ಒತ್ತದಿದ್ದರೂ ಸಣ್ಣಗೆ ಕೀಂಯ್ ಎನ್ನುತ್ತಿದ್ದರೆ ಪ್ಯಾಡ್ ಸವೆದಿರಬಹುದು. ಸವೆದಾಗ ಡಿಸ್ಕಿಗೆ ತಾಗಿ ಕಿರುಚಲೆಂದೇ ಎಷ್ಟೋ ಪ್ಯಾಡುಗಳಿಗೆ ಪುಟ್ಟ ತಗಡಿನ ನಾಲಿಗೆ ಇಟ್ಟಿರುತ್ತಾರೆ. ಗರಗರ ಎಂದರೆ ಪ್ಯಾಡ್ ಪೂರ್ತಿ ಮುಗಿದು ಕಬ್ಬಿಣಕ್ಕೆ ಕಬ್ಬಿಣ ತಾಗುತ್ತಿದೆ ಎಂದರ್ಥ, ಆಗ ಅಂಕಲ್ ಕೂಡ ಗ್ಯಾರೇಜಿನ ದಾರಿಯನ್ನೇ ತೋರಿಸುತ್ತಾರೆ. ಅವರಿಗೆ ಪ್ರಾಣವಾದ ಕೇಸು ನಾಲ್ಕನೆಯದು: ಸಿಗ್ನಲ್ಲಿನಲ್ಲಿ ಮೆಲ್ಲಗೆ ಒತ್ತಿದಾಗ ಮಾತ್ರ ಏಳುವ ಕೀರಲು. ಪ್ಯಾಡು ಡಿಸ್ಕನ್ನು ಹಿಡಿದು ಜಾರಿ, ಹಿಡಿದು ಜಾರಿ, ಸೆಕೆಂಡಿಗೆ ಸಾವಿರಾರು ಸಲ ನಡುಗುವುದರಿಂದ ಹುಟ್ಟುವ ಸದ್ದು. "ಪಿಟೀಲಿನ ತಂತಿ ಮೇಲೆ ಕಮಾನು ಮಾಡೋದೂ ಇದನ್ನೇ ಕಣಯ್ಯಾ. ಇಲ್ಲಿ ಶ್ರುತಿ ಸರಿಯಿಲ್ಲ, ಅಷ್ಟೆ."

ಅಂಥ ಕೀರಲು ಒಂದು ದಿನ ಅವರದೇ ಕಾರಿಗೆ ಬಂದಾಗ ನೋಡಬೇಕಿತ್ತು, ಮುಖದಲ್ಲಿ ಹಬ್ಬದ ಕಳೆ. ಗ್ಯಾರೇಜಿನವನು "ಪ್ಯಾಡು, ಡಿಸ್ಕು ಎರಡೂ ಚೇಂಜ್ ಸಾರ್" ಎಂದಿದ್ದೇ ನೆಪ. ಬಡಾವಣೆಯ ಅಂಗಡಿಯಲ್ಲೇ ಸಿಗುವ ಗ್ರೀಸ್ ಟ್ಯೂಬಿಗೆ ಜೆ.ಸಿ. ರಸ್ತೆಯವರೆಗೆ ಆಟೋದಲ್ಲಿ ಹೋಗಿ ಬಂದರು.

ಭಾನುವಾರ ಶಸ್ತ್ರಚಿಕಿತ್ಸೆ. ಹಿಂದಿನ ಚಕ್ರಗಳಿಗೆ ಸೈಜುಗಲ್ಲು ಕೊಟ್ಟಾಯಿತು. ಟಾರ್ಚ್ ಹಿಡಿಯಲು ಮಹಡಿ ಮೇಲಿನ ಬಾಡಿಗೆ ಹುಡುಗ. ಮೆಕ್ಯಾನಿಕಲ್ ಓದಿ ಸಾಫ್ಟ್‌ವೇರ್ ಸೇರಿದವನು. "ಚಕ್ರ ನೆಲದ ಮೇಲಿರುವಾಗಲೇ ನಟ್ಟು ಸಡಿಲ ಮಾಡ್ಕೋಬೇಕು. ಜಾಕಿ ಕೊಟ್ಟ ಮೇಲೂ ಜಾಕಿನ ನಂಬಬಾರದು" ಎಂದು ಸ್ಟ್ಯಾಂಡ್ ಕೊಟ್ಟು, ಅದನ್ನೂ ನಂಬದೆ ಸ್ಟೆಪ್ನಿಯನ್ನು ಕಾರಿನಡಿ ತಳ್ಳಿದರು. ಪ್ಯಾಡುಗಳನ್ನು ಹಿಡಿದಿರುವ ಕ್ಯಾಲಿಪರ್ ಬಿಚ್ಚಿ, ಅದರ ಭಾರ ಬ್ರೇಕ್ ಹೋಸಿನ ಮೇಲೆ ಬೀಳದಂತೆ ತಂತಿಯಿಂದ ಕಟ್ಟಿ ತೂಗುಹಾಕಿದರು. ಪ್ಯಾಡಿಗೆ ವರ್ನಿಯರ್ ಹಿಡಿದು "6.4 ಮಿಲಿಮೀಟರ್! ಇದನ್ನ ಚೇಂಜ್ ಮಾಡ್ಬೇಕಂತೆ" ಎಂದು ನೆರೆದವರಿಗೆಲ್ಲ ತೋರಿಸಿದರು. ಕಳ್ಳ ಸಿಕ್ಕಿದ್ದು ಬೇರೆ ಕಡೆ. ಕ್ಯಾಲಿಪರ್ ಜಾರಾಡುವ ಪಿನ್ನುಗಳು ಗ್ರೀಸ್ ಒಣಗಿ ಕಚ್ಚಿಕೊಂಡಿದ್ದವು, ಪ್ಯಾಡಿನ ಮೈ ಗಾಜಿನಂತೆ ನುಣುಪಾಗಿತ್ತು.

ಇಷ್ಟು ಹೊತ್ತಿಗೆ ಎದುರುಮನೆಯವರು ಸಣ್ಣ ಬಟ್ಟಲು ಹಿಡಿದು ಬಂದರು. "ಒಂದು ಹನಿ ಕೊಬ್ಬರಿ ಎಣ್ಣೆ ಬಿಡಿ ಸಾರ್. ನಮ್ಮ ಬಾಗಿಲು ಕಿರ್ ಅಂದ್ರೆ ನಾನು ಅದೇ ಬಿಡೋದು."

"ಬಿಡೋಣ. ಸದ್ದೂ ನಿಲ್ಲುತ್ತೆ. ಕಾರು ಮಾತ್ರ ನಿಲ್ಲಲ್ಲ."

ಮೂಗಿಗೆ ಮಾಸ್ಕು ಕಟ್ಟಿ, ಬ್ರೇಕಿನ ಧೂಳನ್ನು ಊದದೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಪ್ಯಾಡಿನ ಮೈಯನ್ನು ಎಮರಿ ಪೇಪರಿನಲ್ಲಿ ಹದವಾಗಿ ಉಜ್ಜಿದರು. ಗ್ರೀಸು ಪಿನ್ನಿಗೆ, ಪ್ಯಾಡಿನ ಬೆನ್ನಿಗೆ. ಡಿಸ್ಕಿಗೆ ಉಜ್ಜುವ ಮುಖಕ್ಕೆ ಬೆರಳೂ ತಾಗದಂತೆ. ಪಿಸ್ಟನ್ ಹಿಂದಕ್ಕೆ ಒತ್ತಿದಾಗ ಬಾನೆಟ್ಟಿನೊಳಗಿನ ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಏರಿ ತುಳುಕಿದರೆ ಬಣ್ಣ ಕಿತ್ತುಹೋಗುತ್ತದಲ್ಲ, ಅದಕ್ಕೆ ಮೆಡಿಕಲ್ ಸ್ಟೋರಿನ ಸಿರಿಂಜಿನಿಂದ ಮೊದಲೇ ಸ್ವಲ್ಪ ಹೀರಿಟ್ಟಿದ್ದರು. ಎಲ್ಲ ಜೋಡಿಸಿದ ಮೇಲೆ ಹುಡುಗನನ್ನು ಸೀಟಿನಲ್ಲಿ ಕೂರಿಸಿ "ಪೆಡಲ್ ಗಟ್ಟಿಯಾಗೋವರೆಗೂ ತುಳಿ. ಇದನ್ನ ಮರೆತು ಕಾರು ತೆಗೆದ್ರೆ ಕಾಂಪೌಂಡೇ ಬ್ರೇಕು" ಎಂದರು. ಆಯಿಲ್ ಮಟ್ಟ ನೋಡಿ ಮುಚ್ಚಳ ಹಾಕಿದರು.

ಮುಗಿಯಿತೆಂದುಕೊಂಡಿರಾ? ಉಜ್ಜಿದ ಪ್ಯಾಡು ಡಿಸ್ಕಿಗೆ ಹೊಂದಿಕೊಳ್ಳಬೇಕಾದರೆ 50 ಕಿಲೋಮೀಟರ್ ವೇಗದಿಂದ 10ಕ್ಕೆ ಹದವಾಗಿ ಇಳಿಸಬೇಕು, ಬಿಸಿ ಆರಲು ಬಿಟ್ಟು ಮತ್ತೆ ಇಳಿಸಬೇಕು, ಹೀಗೆ ಹಲವು ಸಲ. ಕಾರ್ಡ್ ರೋಡಿನಲ್ಲಿ 50 ಮುಟ್ಟುವುದು ಪಂಚವಾರ್ಷಿಕ ಯೋಜನೆ. ಆದ್ದರಿಂದ ಮರುದಿನ ಬೆಳಕು ಹರಿಯುವಾಗಲೇ "ಗಾಳಿ ಆಂಜನೇಯನ ದರ್ಶನ" ಎಂದು ಆಂಟಿಯನ್ನು ಹೊರಡಿಸಿದರು. ಆಂಟಿ ರೇಷ್ಮೆ ಸೀರೆ ಉಟ್ಟು ಹೂ ಮುಡಿದು ಕೂತರು. ಕಾರು ಮಾಗಡಿ ರಸ್ತೆ ಹಿಡಿದು ಊರಾಚೆ ಹೋಗಿ, ಟೋಲ್ ಕಟ್ಟಿ ನೈಸ್ ರಸ್ತೆಗೆ ಏರಿದಾಗ ಅವರಿಗೆ ಅನುಮಾನ ಬಂತು. ಆಂಜನೇಯನಿರುವ ಕೂಗಳತೆಯ ಬ್ಯಾಟರಾಯನಪುರಕ್ಕೆ ಕೆಂಗೇರಿ ಸುತ್ತಿ ಹೋಗುವ ಭಕ್ತರನ್ನು ಅವರು ಕಂಡಿರಲಿಲ್ಲ. ಖಾಲಿ ರಸ್ತೆಯಲ್ಲಿ ಕಾರು ಓಡುವುದು, ತಡೆಯುವುದು, ಓಡುವುದು, ತಡೆಯುವುದು. ಮಡಿಲಲ್ಲಿದ್ದ ಹಣ್ಣುಕಾಯಿ ಬುಟ್ಟಿಯಿಂದ ತೆಂಗಿನಕಾಯಿ ಉರುಳಿ ಕಾಲ ಮೇಲೆ ಬಿತ್ತು. ಗ್ಯಾರೇಜಿಗೆ ಉಳಿಸಿದ ದುಡ್ಡಿನಲ್ಲಿ ಆಟೋ, ಟೋಲು, ಪೆಟ್ರೋಲು ಕಳೆದರೆ ಏನು ಉಳಿಯಿತೆಂದು ಕೇಳುವ ಧೈರ್ಯ ನನಗಿಲ್ಲ.

ಮೈಸೂರು ರಸ್ತೆಯ ಸಿಗ್ನಲ್ಲಿನಲ್ಲಿ ಕಾರು ಬೆಣ್ಣೆಯಂತೆ ನಿಂತಿತು. ಅಂಕಲ್ ಎಂಜಿನ್ ಆರಿಸಿ ಆಂಟಿಯ ಕಡೆ ತಿರುಗಿದರು.

"ಏನಾದ್ರೂ ಕೇಳಿಸ್ತೇನೇ?"

"ಇಲ್ವಲ್ರೀ."

"ಅದೇ!"

"ಸದ್ಯ, ಇನ್ನಾದ್ರೂ ನನ್ನ ಮಾತು ಕೇಳಿಸುತ್ತೆ. ಅಡುಗೆಮನೆ ನಲ್ಲಿ ತೊಟ್ಟಿಕ್ಕೋಕೆ ಶುರುವಾಗಿ ತಿಂಗಳಾಯ್ತು."

"ಪ್ಲಂಬರ್‌ಗೆ ಫೋನ್ ಮಾಡೇ," ಎಂದರು ಅಂಕಲ್. "ಅವರವರ ಕೆಲಸ ಅವರವರೇ ಮಾಡ್ಬೇಕು."